ಬೇರೆ ಮನೆ ಹುಡುಕುವ ತೋಳ



ಹಿಂಡು ಬಿಟ್ಟು ಒಂಟಿಯಾಗಿ ತಿರುಗುವ ತೋಳಗಳ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ಒಂಟಿ ತೋಳವನ್ನು ಕುರಿತು ಜನ ಸಾಮಾನ್ಯವಾಗಿ ಎರಡು ಬಗೆಯಲ್ಲಿ ಯೋಚಿಸುತ್ತಾರೆ. ಅದು ಹಿಂಡಿನಿಂದ ಹೊಡೆತ ತಿಂದು ಹೊರಬಿದ್ದ ಕೈಲಾಗದ ಪ್ರಾಣಿ ಅನ್ನುವುದು ಒಂದು. ಯಾರ ಹಂಗೂ ಬೇಡವೆಂದು ಹೊರಟ ಧೀರ ಅನ್ನುವುದು ಇನ್ನೊಂದು. ಎರಡೂ ನಿಜದಿಂದ ದೂರ. ತೋಳ ಹಿಂಡು ಬಿಡುವುದಕ್ಕೆ ಬೇರೆಯೇ ಕಾರಣವಿದೆ. ಆ ಕಾರಣ ತಿಳಿದರೆ ತೋಳವನ್ನು ಉಳಿಸುವ ದಾರಿಯೂ ತಿಳಿಯುತ್ತದೆ.

ಮೊದಲು ನಿಮ್ಮನ್ನು ಒಂದು ಊರಿಗೆ ಕರೆದೊಯ್ಯುತ್ತೇನೆ. ಊರಿನ ಹೆಸರು ಭೋರ್. ಪುಣೆ ಜಿಲ್ಲೆಯ ತಾಲ್ಲೂಕು ಕೇಂದ್ರ. ಹಿಂದೆ ಪಂತ ಸಚಿವರ ಸಂಸ್ಥಾನದ ರಾಜಧಾನಿ. ನಿಮ್ಮಲ್ಲಿ ಎಷ್ಟೋ ಜನ ಹುಬ್ಬಳ್ಳಿ, ಬೆಳಗಾವಿ, ಸಾತಾರದ ಮೇಲೆ ಹಾದು ಪುಣೆಗೆ ಬಸ್ಸಿನಲ್ಲಿ ಹೋಗಿರುತ್ತೀರಿ. ಖಂಬಾಟಕಿ ಘಾಟು ದಾಟಿದ ಮೇಲೆ ಶಿರವಳ ಬರುತ್ತದೆ. ಆಮೇಲೆ ನೀರಾ ನದಿಯ ಸೇತುವೆ. ಅಲ್ಲಿಂದ ಎಡಕ್ಕೆ ಒಳಗೆ ಹೋದರೆ ಭೋರ್.

ಆ ನೆಲ ಹೇಗಿದೆ ಅಂತ ಹೇಳುತ್ತೇನೆ, ಮನಸ್ಸಿನಲ್ಲೇ ಬಿಡಿಸಿಕೊಳ್ಳಿ. ಭೋರಿನ ಪಶ್ಚಿಮಕ್ಕೆ ಸಹ್ಯಾದ್ರಿ. ರೋಹಿಡಾ ಕೋಟೆ, ರಾಯರೇಶ್ವರದ ಬೆಟ್ಟ. ಅಲ್ಲಿ ಮಳೆ ಬಿಡದೆ ಸುರಿಯುತ್ತದೆ, ಜನ ಭತ್ತ ಬೆಳೆಯುತ್ತಾರೆ. ಪೂರ್ವಕ್ಕೆ ತಿರುಗಿದರೆ ಗುಡ್ಡ ಇಳಿಯುತ್ತ ಹೋಗುತ್ತದೆ. ಮಳೆಯೂ ಕಡಿಮೆಯಾಗುತ್ತ ಹೋಗುತ್ತದೆ. ಪುರಂದರ, ಜೇಜುರಿ, ಸುಪೆ, ಬಾರಾಮತಿ, ಮುಂದೆ ಇಂದಾಪುರ. ಮೊಣಕಾಲೆತ್ತರದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಗಿಡ, ನಡುವೆ ಕಲ್ಲುನೆಲ. ನಮ್ಮ ಕೊಪ್ಪಳ, ವಿಜಯಪುರದವರಿಗೆ ಅದು ಪರಿಚಯದ ಬಯಲು. ಜೇಜುರಿಯ ಖಂಡೋಬಾ ಅಂದರೆ ನಮ್ಮ ಮೈಲಾರಲಿಂಗನೇ ತಾನೆ. ಕುರಿ ಕಾಯುವವರ ದೇವರು ಎಲ್ಲೆಲ್ಲಿ ನೆಲೆಸಿದ್ದಾನೋ ಅಲ್ಲೆಲ್ಲ ಹುಲ್ಲುಗಾವಲಿತ್ತು. ಹುಲ್ಲುಗಾವಲಿದ್ದಲ್ಲಿ ತೋಳ ಇತ್ತು. ಪುಣೆ ಜಿಲ್ಲೆಯ ಈ ಪೂರ್ವ ಭಾಗದಲ್ಲಿ ಈಗಲೂ ಇದೆ.

ನಮ್ಮ ತೋಳ ಕಾಡಿನ ಪ್ರಾಣಿಯಲ್ಲ, ಬಯಲಿನ ಪ್ರಾಣಿ. ತೂಕ ಸುಮಾರು 20 ಕಿಲೋ. ಊರ ನಾಯಿಗಿಂತ ಕಾಲು ಉದ್ದ, ಎದೆ ಕಿರಿದು. ಬಾಲವನ್ನು ಸುರುಳಿ ಸುತ್ತುವುದಿಲ್ಲ, ಕೆಳಗೆ ಇಳಿಬಿಟ್ಟಿರುತ್ತದೆ. ಮೈಬಣ್ಣ ಒಣಹುಲ್ಲಿನದು. ನಿಂತರೆ ಕಾಣುವುದಿಲ್ಲ, ನಡೆದರೆ ಮಾತ್ರ ಕಾಣುತ್ತದೆ. ಜಗತ್ತಿನ ತೋಳಗಳಲ್ಲೆಲ್ಲ ಬಹಳ ಹಳೆಯ ವಂಶ ಇದು ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಇಡೀ ದೇಶದಲ್ಲಿ ಉಳಿದಿರುವುದು ಸುಮಾರು 3 ಸಾವಿರ.

ಊರು ತಿಳಿಯಿತು, ಪ್ರಾಣಿ ತಿಳಿಯಿತು. ಇನ್ನು ಹಿಂಡಿನ ವಿಷಯ. ಹಿಂಡು ಅಂದರೇನು ಅಂತ ತಿಳಿಯದೆ, ಅದನ್ನು ಬಿಡುವುದು ಏಕೆ ಅಂತ ತಿಳಿಯುವುದಿಲ್ಲ.

ಬಹಳ ಕಾಲ ವಿಜ್ಞಾನಿಗಳೇ ಇಲ್ಲಿ ದಾರಿ ತಪ್ಪಿದ್ದರು. ರುಡಾಲ್ಫ್ ಶೆಂಕೆಲ್ ಎಂಬ ವಿದ್ವಾಂಸರು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ತೋಳಗಳನ್ನು ನೋಡಿ 1947ರಲ್ಲಿ ಒಂದು ಪ್ರಬಂಧ ಬರೆದರು. ಬೇಲಿಯೊಳಗೆ ಕೂಡಿಹಾಕಿದ ತೋಳಗಳು ಅವು. ಸದಾ ಕಚ್ಚಾಡುತ್ತಿದ್ದವು. ಗೆದ್ದದ್ದು ಒಡೆಯ, ಸೋತದ್ದು ಆಳು. ಹಿಂಡು ಅಂದರೆ ಅಧಿಕಾರದ ಜಗಳ ಎಂಬ ಮಾತು ಅಲ್ಲಿಂದ ಹಬ್ಬಿತು. ಅಮೆರಿಕದ ಡೇವಿಡ್ ಮೀಚ್ 1970ರಲ್ಲಿ ತೋಳದ ಬಗ್ಗೆ ಬರೆದ ಹೆಸರಾಂತ ಪುಸ್ತಕದಲ್ಲೂ ಇದೇ ಮಾತಿತ್ತು. ಆಮೇಲೆ ಮೀಚ್ ಉತ್ತರ ಧ್ರುವಕ್ಕೆ ಹತ್ತಿರದ ಎಲ್ಸ್‌ಮಿಯರ್ ದ್ವೀಪಕ್ಕೆ ಹೋದರು. ಅಲ್ಲಿ ಬೇಸಿಗೆಯಿಂದ ಬೇಸಿಗೆಗೆ ಒಂದೇ ಹಿಂಡಿನ ಹತ್ತಿರ ಕೂತು ನೋಡಿದರು. ಅಲ್ಲಿ ಕಂಡದ್ದು ಅಪ್ಪ, ಅಮ್ಮ, ಮಕ್ಕಳು. ಈ ವರ್ಷದ ಮರಿಗಳು, ಹೋದ ವರ್ಷದ ಮರಿಗಳು. ಅಷ್ಟೇ. 1999ರಲ್ಲಿ ಅದನ್ನೇ ಬರೆದರು. ತಮ್ಮ ಹಳೆಯ ಪುಸ್ತಕವನ್ನು ಮತ್ತೆ ಅಚ್ಚು ಹಾಕಬೇಡಿ ಎಂದು ಪ್ರಕಾಶಕರನ್ನು ಕೇಳಿಕೊಂಡರು. ಹೆಸರು ತಂದುಕೊಟ್ಟ ಪುಸ್ತಕವನ್ನು ಹೀಗೆ ಕೈಯಾರೆ ನಿಲ್ಲಿಸಲು ಹೊರಟ ಅವರ ಬಗ್ಗೆ ನನಗೆ ತುಂಬ ಗೌರವವಿದೆ.

ಹಾಗಾದರೆ ಹಿಂಡು ಅಂದರೆ ಮನೆ. ಒಂದು ಗಂಡು, ಒಂದು ಹೆಣ್ಣು, ಅವುಗಳ ಮಕ್ಕಳು. ನಮ್ಮ ಬಯಲುಸೀಮೆಯ ಹಿಂಡುಗಳು ಚಿಕ್ಕವು. ಹತ್ತು ತೋಳ ಒಟ್ಟಿಗಿರುವುದು ಅಪರೂಪ. ಹೆಚ್ಚಾಗಿ ಚಳಿಗಾಲದಲ್ಲಿ ಮರಿ ಹಾಕುತ್ತವೆ. ಒಂದು ಸಲಕ್ಕೆ ನಾಲ್ಕೈದು ಮರಿ. ದೊಡ್ಡ ಮಕ್ಕಳು ಚಿಕ್ಕವನ್ನು ಕಾಯುತ್ತವೆ. ಬೇಟೆಯಾಡಿ ಬಂದವು ಹೊಟ್ಟೆಯಿಂದ ಮಾಂಸ ಕಕ್ಕಿ ಮರಿಗಳಿಗೆ ಉಣಿಸುತ್ತವೆ.

ಈಗ ಮುಖ್ಯ ಪ್ರಶ್ನೆ. ಇಷ್ಟು ಒಳ್ಳೆಯ ಮನೆ ಬಿಟ್ಟು ತೋಳ ಯಾಕೆ ಹೋಗುತ್ತದೆ?

ಈ ಪ್ರಶ್ನೆಯನ್ನು ನಾನು ಭೋರ್ ತಾಲ್ಲೂಕಿನ ಕಾಪೂರಹೋಳದ ಹತ್ತಿರ ಒಂದು ಧನಗರರ ಹಟ್ಟಿಯಲ್ಲಿ ಕೇಳಿದ್ದೆ. ಧನಗರರು ಅಂದರೆ ನಮ್ಮ ಕುರುಬರ ಹಾಗೆ ಕುರಿ ಸಾಕುವವರು. ಮಳೆ ಮುಗಿದ ಮೇಲೆ ಒಣಸೀಮೆಯಿಂದ ಹಿಂಡು ಹೊಡೆದುಕೊಂಡು ಪಶ್ಚಿಮಕ್ಕೆ ಬರುತ್ತಾರೆ. ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಗೊಬ್ಬರಕ್ಕೆ ಬದಲಾಗಿ ರೈತ ಕಾಳೋ ಹಣವೋ ಕೊಡುತ್ತಾನೆ. ಹಟ್ಟಿಯಲ್ಲಿ ಒಂದು ಕುದುರೆ, ಮೂರು ನಾಯಿ, ಬಲೆ ಕಟ್ಟಿದ ದೊಡ್ಡಿ. ಬಲೆಯ ಗೂಟಗಳು ಒಂದು ಮೊಳ ಅಂತರಕ್ಕೆ ಒಂದರಂತೆ. ಬಲೆಯ ಕೆಳಗಿನ ಅಂಚಿಗೆ ಕಲ್ಲು ಹೇರಿದ್ದರು. ಕೆಳಗಿಂದ ತೂರಿ ಬರುವುದಕ್ಕೆ ಆಗಬಾರದು, ನೋಡಿ. ಎಳೆಮರಿಗಳನ್ನು ಬೇರೆಯಾಗಿ ಬುಟ್ಟಿಯ ಕೆಳಗೆ ಕವುಚಿದ್ದರು. ಆ ಹಟ್ಟಿಯ ಅಜ್ಜಿ ಜತ್ತ ಕಡೆಯ ಮಗಳು. ಕನ್ನಡ ಬರುತ್ತಿತ್ತು.

"ಒಂಟಿ ತ್ವಾಳ ನೋಡೀರೇನವ್ವಾ?" ಅಂದೆ.

"ನೋಡದ ಏನ ತಮ್ಮಾ, ವರ್ಷಾ ನೋಡತೀವಿ. ಎರಡ ವರ್ಷದ್ದಾತಂದ್ರ ಹಾದಿ ಹಿಡಿತೈತಿ. ನಮ್ಮ ಹುಡುಗ್ರು ಲಗ್ನಾ ಆಗಿ ಮಗ್ಗಲಕ ಬ್ಯಾರೆ ಹಟ್ಟಿ ಹಾಕ್ಕೊಳ್ಳಂಗಿಲ್ಲೇನು? ಅದಕ ಲಗ್ನಾ ಮಾಡಾಕ ಯಾರದಾರ? ತಾನ ಹುಡಿಕ್ಕೋಬೇಕು."

ವಿಜ್ಞಾನ ಹೇಳುವುದೂ ಅದನ್ನೇ. ತೋಳ ಎರಡು ವರ್ಷದ ಹೊತ್ತಿಗೆ ಪ್ರಾಯಕ್ಕೆ ಬರುತ್ತದೆ. ಮನೆಯಲ್ಲಿರುವುದು ಅಪ್ಪ, ಅಮ್ಮ, ಒಡಹುಟ್ಟಿದವು. ಜೋಡಿಯಾಗಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಒಂದರಿಂದ ಮೂರು ವರ್ಷದೊಳಗೆ ಹೆಚ್ಚಿನ ತೋಳಗಳು ಮನೆ ಬಿಡುತ್ತವೆ. ಗಂಡೂ ಬಿಡುತ್ತದೆ, ಹೆಣ್ಣೂ ಬಿಡುತ್ತದೆ. ಒಂಟಿ ತೋಳ ಅಂದರೆ ಗಂಡೇ ಆಗಿರಬೇಕು ಅಂತ ಎಷ್ಟೋ ಜನ ತಿಳಿದಿದ್ದಾರೆ, ಹಾಗೇನೂ ಇಲ್ಲ.

ಜೋಡಿಯ ಜೊತೆಗೆ ಅನ್ನದ ಪ್ರಶ್ನೆಯೂ ಇದೆ. ಬೇಟೆ ಕಡಿಮೆಯಾದ ವರ್ಷ ಅಪ್ಪ ಅಮ್ಮ ಮೊದಲು ಉಣಿಸುವುದು ಚಿಕ್ಕ ಮರಿಗಳಿಗೆ. ದೊಡ್ಡವಕ್ಕೆ ಪಾಲು ಸಿಗುವುದಿಲ್ಲ. ಮುಟ್ಟಲು ಹೋದರೆ ಹಲ್ಲು ಕಿಸಿಯುತ್ತವೆ. ಬರಗಾಲದಲ್ಲಿ ದೊಡ್ಡ ಮಕ್ಕಳು ಬೇಗ ಹೊರಡುತ್ತವೆ, ಒಳ್ಳೆಯ ವರ್ಷ ಇನ್ನೊಂದಷ್ಟು ತಿಂಗಳು ಉಳಿಯುತ್ತವೆ. ಕೆಲವು ಹೋಗಿ ನೋಡಿ ವಾಪಸ್ ಬರುತ್ತವೆ, ಮತ್ತೆ ಹೋಗುತ್ತವೆ. ಇನ್ನು ಕೆಲವು ತಾವಾಗಿ ಬಿಟ್ಟವಲ್ಲ. ಅಪ್ಪನೋ ಅಮ್ಮನೋ ವಿಷಕ್ಕೆ, ವಾಹನಕ್ಕೆ ಸಿಕ್ಕಿ ಸತ್ತರೆ ಹಿಂಡೇ ಒಡೆದುಹೋಗುತ್ತದೆ. ಉಳಿದವು ದಿಕ್ಕಿಗೊಂದಾಗುತ್ತವೆ. ಇಂಥ ಒಂಟಿತನಕ್ಕೆ ಮನುಷ್ಯನೇ ಕಾರಣ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಹಿಂಡು ಒಂದು ಮನೆ. ಪ್ರಾಯಕ್ಕೆ ಬಂದ ತೋಳ ಜೋಡಿಗಾಗಿ, ಅನ್ನಕ್ಕಾಗಿ ಮನೆ ಬಿಡುತ್ತದೆ. ಬಿಟ್ಟ ಮೇಲೆ ಅದರ ಪಾಡೇನು ಅಂತ ಈಗ ನೋಡೋಣ.

ಅಜ್ಜಿಯ ಮಾತಿಗೇ ಮರಳುತ್ತೇನೆ. "ಕೂಡಿ ಬಂದ ತ್ವಾಳ ಶ್ಯಾಣ್ಯಾ ಇರತಾವ. ಒಂದ ಈ ಕಡೆ ಬಂದ ನಾಯಿಗೋಳ್ನ ಬೆನ್ನ ಹತ್ತಿಸ್ಕೊಂಡ ಹೋಗತೈತಿ. ಇನ್ನೊಂದ ಆ ಕಡಿಂದ ಮರಿ ಎತ್ತತೈತಿ. ಒಂಟಿ ಇದ್ದದ್ದಕ ಹಂಗ ಮಾಡಾಕ ಬರೂದಿಲ್ಲ. ಹಿಂದ ಕುಂಟಿಕೋತ ಬರೂ ಕುರಿ ಹಾದಿ ಕಾಯತೈತಿ. ಎಷ್ಟೋ ರಾತ್ರಿ ಉಪಾಸ."

ಒಂಟಿ ತೋಳದ ಹಸಿವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಮೊಲ, ಹೆಗ್ಗಣ, ಸತ್ತ ದನ, ಕೋಳಿಫಾರಂನವರು ಎಸೆದ ಸತ್ತ ಕೋಳಿ, ಏನು ಸಿಕ್ಕರೆ ಅದು. ಆದರೆ ಹಸಿವಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ದಾರಿಯುದ್ದಕ್ಕೂ ಬೇರೆ ಹಿಂಡುಗಳ ಸೀಮೆ. ಒಳಗೆ ಸಿಕ್ಕರೆ ಕೊಂದೇ ಹಾಕಬಹುದು. ಆದ್ದರಿಂದ ಒಂಟಿ ತೋಳ ಸದ್ದಿಲ್ಲದೆ ಹೋಗುತ್ತದೆ. ಊಳಿಡುವುದು ಕಡಿಮೆ. ಹಿಂಡಿನ ತೋಳಗಳು ಕಲ್ಲಿಗೆ, ಪೊದೆಗೆ ಮೂತ್ರ ಸಿಂಪಡಿಸಿ ತಮ್ಮ ಗಡಿ ಗುರುತು ಮಾಡುತ್ತವೆ. ಒಂಟಿ ತೋಳ ಅದನ್ನೂ ಮಾಡುವುದು ಕಡಿಮೆ. ಅಮೆರಿಕದ ಮಿನೆಸೋಟದಲ್ಲಿ ರೇಡಿಯೋ ಪಟ್ಟಿ ಹಾಕಿ ಇದನ್ನು ಅಧ್ಯಯನ ಮಾಡಿದ ವರದಿ 1979ರಲ್ಲಿ ಬಂತು. ಜೋಡಿ ಸಿಕ್ಕ ಮೇಲೆ ಎಲ್ಲ ಬದಲಾಗುತ್ತದಂತೆ. ಹೊಸ ಜೋಡಿ ಹಳೆಯ ಹಿಂಡುಗಳಿಗಿಂತ ಹೆಚ್ಚಾಗಿ ಗುರುತು ಹಾಕುತ್ತ ಓಡಾಡುತ್ತದೆ. ಇದು ನಮ್ಮ ಜಾಗ ಅಂತ ಸಾರುವ ಆತುರ. ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಯಾವುದೇ ಕಾಲದಲ್ಲಿ ಎಣಿಸಿದರೂ ತೋಳಗಳಲ್ಲಿ ನೂರಕ್ಕೆ 10ರಿಂದ 15 ಹೀಗೆ ಒಂಟಿಯಾಗಿರುತ್ತವೆ ಎಂದು ಉತ್ತರ ಅಮೆರಿಕದ ಲೆಕ್ಕ ಹೇಳುತ್ತದೆ. ಇವು ಹುಟ್ಟಾ ಒಂಟಿಗಳಲ್ಲ. ಒಂದು ಮನೆ ಬಿಟ್ಟು ಇನ್ನೊಂದು ಮನೆ ಕಟ್ಟುವ ನಡುವಿನ ಕಾಲದಲ್ಲಿ ಇರುವಂಥವು. ಎಷ್ಟೋ ತೋಳಗಳು ಆ ನಡುವಿನಲ್ಲೇ ಸಾಯುತ್ತವೆ.

ತಲುಪಿದ ಒಂದರ ಕತೆ ಹೇಳುತ್ತೇನೆ. ಯುರೋಪಿನ ಸ್ಲೊವೇನಿಯಾ ದೇಶದಲ್ಲಿ 2011ರಲ್ಲಿ ಒಂದು ಎಳೆಯ ಗಂಡು ತೋಳಕ್ಕೆ ಉಪಗ್ರಹದ ಪಟ್ಟಿ ಕಟ್ಟಿದರು. ಸ್ಲಾವ್ಟ್ಸ್ ಅಂತ ಹೆಸರಿಟ್ಟರು. ಆ ಡಿಸೆಂಬರಿನಲ್ಲಿ ಅದು ಮನೆ ಬಿಟ್ಟಿತು. ಹೆದ್ದಾರಿಗಳನ್ನು ದಾಟಿತು. ದ್ರಾವಾ ನದಿಯನ್ನು ಈಜಿತು. ಹಿಮ ತುಂಬಿದ ಆಲ್ಪ್ಸ್ ಪರ್ವತಗಳ ನಡುವೆ ಆಸ್ಟ್ರಿಯಾ ದೇಶವನ್ನು ಹಾದು ಹೋಯಿತು. 1,000 ಕಿಲೋಮೀಟರಿಗೂ ಹೆಚ್ಚು ನಡೆದು, ಇಟಲಿಯ ವೆರೋನಾ ಊರಿನ ಉತ್ತರಕ್ಕಿರುವ ಬೆಟ್ಟಗಳನ್ನು ಮುಟ್ಟಿತು. ಅಲ್ಲಿ ಒಂದು ಹೆಣ್ಣು ತೋಳ ಒಂಟಿಯಾಗಿ ಇತ್ತು. ಅದು ಪಶ್ಚಿಮದಿಂದ ಬಂದದ್ದು, ಇದು ಪೂರ್ವದಿಂದ ಬಂದದ್ದು. ವೆರೋನಾ ರೋಮಿಯೋ ಜೂಲಿಯೆಟ್‌ರ ಊರು, ಜನ ಹೆಣ್ಣನ್ನು ಜೂಲಿಯೆಟ್ ಅಂತ ಕರೆದರು. 2013ರಲ್ಲಿ ಮರಿಗಳಾದವು. ಸುಮಾರು 100 ವರ್ಷ ತೋಳವೇ ಇಲ್ಲದಿದ್ದ ಬೆಟ್ಟಗಳಲ್ಲಿ ಮತ್ತೆ ತೋಳದ ವಂಶ ಬೇರೂರಿತು.

ಒಂದು ತೋಳ ಬರುವುದರಿಂದ ಏನಾಗುತ್ತದೆ, ಬರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪ ಸಾಕ್ಷಿ. ಅಲ್ಲಿಯ ತೋಳಗಳು ಹೊರಗಿನ ಸಂಬಂಧವಿಲ್ಲದೆ ಸೊರಗಿದ್ದವು. 1997ರಲ್ಲಿ ಸರೋವರ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲೆ ಒಂದು ಗಂಡು ನಡೆದು ಬಂತು. ಹಿಂಡುಗಳಿಗೆ ಹೊಸ ರಕ್ತ ಬಂದು ಕೆಲವು ವರ್ಷ ಚೇತರಿಕೆ ಕಂಡಿತು. ಆಮೇಲೆ ಚಳಿ ಕಡಿಮೆಯಾಗಿ ಮಂಜುಗಡ್ಡೆಯ ಸೇತುವೆ ಕಟ್ಟುವುದೇ ಅಪರೂಪವಾಯಿತು. ಮತ್ತಾವುದೂ ಬಂದು ನೆಲೆಸಲಿಲ್ಲ. ಕೊನೆಗೆ ಎರಡೇ ತೋಳ ಉಳಿದವು, ತಂದೆ ಮತ್ತು ಮಗಳು. 2018ರಿಂದ ಸರ್ಕಾರವೇ ಬೇರೆ ಕಡೆಯ ತೋಳಗಳನ್ನು ಹಿಡಿದು ತಂದು ಬಿಡಬೇಕಾಯಿತು.

ಒಂಟಿ ತೋಳ ಹೊಸ ಸೀಮೆಗೆ ವಂಶ ಒಯ್ಯುತ್ತದೆ, ಹಳೆಯ ಸೀಮೆಗೆ ಹೊಸ ರಕ್ತ ತರುತ್ತದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡು ಮತ್ತೆ ಭೋರಿಗೆ ಬನ್ನಿ.

ಭೋರಿನ ಹತ್ತಿರ ಭಾಟಘರ್ ಎಂಬಲ್ಲಿ ದೊಡ್ಡ ಅಣೆಕಟ್ಟಿದೆ. ಬ್ರಿಟಿಷರು ಲಾಯ್ಡ್ ಅಣೆಕಟ್ಟು ಎಂದು ಕರೆದರು. 1928ರಲ್ಲಿ ಮುಗಿಯಿತು. ಸಹ್ಯಾದ್ರಿಯ ಮಳೆನೀರು ಅಲ್ಲಿ ನಿಲ್ಲುತ್ತದೆ. ನೀರಾ ಕಾಲುವೆಗಳಲ್ಲಿ ಹರಿದು ಬಾರಾಮತಿ, ಫಲಟಣ ಸೀಮೆಗೆ ಹೋಗುತ್ತದೆ. ಬರದ ನೆಲದ ಜನಕ್ಕೆ ಆ ನೀರು ಅನ್ನ ಕೊಟ್ಟಿತು, ಅದರ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಆ ನೀರು ಹರಿದಲ್ಲೆಲ್ಲ ಹುಲ್ಲುಗಾವಲು ಕಬ್ಬಿನ ಗದ್ದೆಯಾಯಿತು. ಕಬ್ಬಿನಲ್ಲಿ ಚಿರತೆ ಅಡಗಿ ಬಾಳುವುದನ್ನು ಕಲಿತಿದೆ. ದೂರದಿಂದ ನೋಡಿ, ಓಡಿ, ಅಟ್ಟಿ ಹಿಡಿಯುವ ತೋಳಕ್ಕೆ ಬೇಕಾದದ್ದು ತೆರೆದ ಬಯಲು. ನೀರು ಹತ್ತದ ಬಯಲು ಸರ್ಕಾರದ ಕಡತದಲ್ಲಿ ಬಹುಪಾಲು ಬಂಜರು ಅಂತ ದಾಖಲಾಯಿತು. ಬಂಜರು ಅಂದ ಮೇಲೆ ಕಾರ್ಖಾನೆಗೂ ಕೊಡಬಹುದು, ಲೇಔಟಿಗೂ ಕೊಡಬಹುದು, ಗುಂಡಿ ತೋಡಿ ಗಿಡ ನೆಟ್ಟು ಕಾಡು ಮಾಡುತ್ತೇವೆ ಅನ್ನಲೂಬಹುದು. ಸುಪೆ ಹತ್ತಿರದ ಮಯೂರೇಶ್ವರ ಅಭಯಾರಣ್ಯ ಉಳಿದಿದೆ. ಅದರ ವಿಸ್ತಾರ ಸುಮಾರು 5 ಚದರ ಕಿಲೋಮೀಟರ್. ಒಂದು ತೋಳದ ಮನೆತನ ಓಡಾಡಲು ಅದರ ಹತ್ತಾರು ಪಟ್ಟು ನೆಲ ಬೇಕು.

ಆ ಸೀಮೆಯಲ್ಲಿ ಹುಟ್ಟಿದ ಮರಿ ಎರಡು ವರ್ಷಕ್ಕೆ ಹೊರಡುತ್ತದೆ ಅನ್ನಿ. ಪಶ್ಚಿಮಕ್ಕೆ ಬಂದರೆ ಭೋರ್ ತಾಲ್ಲೂಕಿನ ಅಂಚಿಗೇ ಬೆಂಗಳೂರು ಹೆದ್ದಾರಿ, ರಾತ್ರಿಯಿಡೀ ಲಾರಿ. ಉತ್ತರಕ್ಕೆ ಪುಣೆಯ ಬಡಾವಣೆಗಳು. ದಕ್ಷಿಣಕ್ಕೂ ಪೂರ್ವಕ್ಕೂ ಕಾಲುವೆ, ಕಬ್ಬು. ಎಲ್ಲ ಕಡೆಯೂ ಊರ ನಾಯಿಗಳ ಗುಂಪು. ಹುಚ್ಚು ರೋಗ, ಡಿಸ್ಟೆಂಪರ್ ರೋಗ ಆ ನಾಯಿಗಳಿಂದಲೇ ತೋಳಕ್ಕೆ ತಗಲುತ್ತವೆ. ಇನ್ನೂ ಒಂದು ಆಗುತ್ತದೆ. ಜೋಡಿ ಸಿಗದ ತೋಳ ನಾಯಿಯ ಜೊತೆಗೇ ಕೂಡುತ್ತದೆ. ಪುಣೆಯ ಹುಲ್ಲುಗಾವಲುಗಳಲ್ಲಿ ವಿಚಿತ್ರ ಬಣ್ಣದ ತೋಳಗಳು ಕಂಡವು. ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್, ಬೆಂಗಳೂರಿನ ಏಟ್ರೀ ಮತ್ತು ಎನ್‌ಸಿಬಿಎಸ್ ಸಂಸ್ಥೆಗಳ ಸಂಶೋಧಕರು ಕೂಡಿ ವಂಶವಾಹಿ ಪರೀಕ್ಷೆ ಮಾಡಿದರು. ಅವು ತೋಳ ಮತ್ತು ನಾಯಿಯ ಬೆರಕೆ ಎಂದು 2023ರಲ್ಲಿ ಪ್ರಕಟಿಸಿದರು. ಸಾವಿರಾರು ತಲೆಮಾರು ಬೇರೆಯಾಗಿ ಉಳಿದುಬಂದ ವಂಶ ಹೀಗೆ ಕರಗಲು ಶುರುವಾದರೆ ಅದನ್ನು ಮತ್ತೆ ಬೇರ್ಪಡಿಸುವ ಉಪಾಯವಿಲ್ಲ.

ಇನ್ನು ತೋಳದ ಮೇಲೆ ಜನರಿಗಿರುವ ಕೋಪದ ಮಾತು. ಚರಿತ್ರಕಾರ ಮಹೇಶ್ ರಂಗರಾಜನ್ ಅವರ ಅಂದಾಜಿನಂತೆ 1875ರಿಂದ 1925ರ ನಡುವಿನ 50 ವರ್ಷಗಳಲ್ಲಿ ಈ ದೇಶದಲ್ಲಿ ಸುಮಾರು 2 ಲಕ್ಷ ತೋಳಗಳನ್ನು ಕೊಂದರು, ಬ್ರಿಟಿಷ್ ಸರ್ಕಾರ ತಲೆಗಿಷ್ಟು ಅಂತ ಇನಾಮು ಕೊಡುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದು, ಈಗ ಹುಲಿಗಿರುವ ರಕ್ಷಣೆಯೇ ತೋಳಕ್ಕೂ ಇದೆ. ಆದರೂ ಗುಹೆಗೆ ಹೊಗೆ ಹಾಕುವುದು, ಸತ್ತ ಕುರಿಗೆ ವಿಷ ಸವರುವುದು ನಿಂತಿಲ್ಲ. 2024ರಲ್ಲಿ ಉತ್ತರ ಪ್ರದೇಶದ ಬಹರಾಯಿಚ್‌ನಲ್ಲಿ ತೋಳದ ದಾಳಿಗೆ ಸಿಕ್ಕಿ ಮಕ್ಕಳು ಸತ್ತಾಗ ತೋಳದ ಭಯ ದೇಶವೆಲ್ಲ ಹಬ್ಬಿತು. ಆ ತಾಯಂದಿರ ದುಃಖದ ಎದುರು ಯಾವ ವಾದವೂ ನಿಲ್ಲದು. ಆದರೆ ಕಾಪೂರಹೋಳದ ಹಟ್ಟಿಯಂಥ ಕಡೆ ತೋಳದ ಜೊತೆಗೇ ಬಾಳಿದ ಜನರಿದ್ದಾರೆ. ವರ್ಷಕ್ಕೆ ಒಂದೆರಡು ಮರಿ ಹೋದರೆ ಅದು ದೇವರ ಪಾಲು ಅಂತ ಅವರೇ ಲೆಕ್ಕ ಬಿಡುತ್ತಾರೆ. ಪರಿಹಾರ ಕೇಳಬೇಕೆಂದರೆ ಸತ್ತ ಕುರಿಯ ಪಂಚನಾಮೆ ಆಗಬೇಕು. ನಾಳೆ ಮುಂದಿನ ಊರಿಗೆ ಹೊರಡುವವನು ಪಂಚನಾಮೆಗೆ ಎಲ್ಲಿ ಕಾಯುತ್ತಾನೆ? ಇಷ್ಟೂ ದಿನ ತೋಳಕ್ಕೆ ಊಟ ಹಾಕಿದವರು ಈ ದೇಶದ ಕುರಿಗಾರರು. ಹಟ್ಟಿ ಇದ್ದಲ್ಲಿಗೇ ಬಂದು ಅದೇ ದಿನ ಹಣ ಕೊಡುವ ವ್ಯವಸ್ಥೆ ಅವರಿಗೆ ಸಲ್ಲಬೇಕಾದದ್ದು.

ಕೊನೆಯದಾಗಿ ನಮ್ಮ ನಾಡಿನ ಮಾತು. ತೋಳಕ್ಕೆಂದೇ 1974ರಲ್ಲಿ ಮೇಲುಕೋಟೆಯ ಬೆಟ್ಟಗಳನ್ನು ಅಭಯಾರಣ್ಯ ಮಾಡಿದ ಹೆಮ್ಮೆ ಕರ್ನಾಟಕದ್ದು. 2024ರಲ್ಲಿ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಧಾಮ ಘೋಷಣೆಯಾಯಿತು. ಸುಮಾರು 800 ಎಕರೆ ಕುರುಚಲು, ಬಂಡೆ, ಗುಹೆ. ಮರುವರ್ಷವೇ ಅಲ್ಲಿ ಎಂಟು ಮರಿಗಳು ಹುಟ್ಟಿದ ಸುದ್ದಿ ಬಂತು. ಪತ್ರಿಕೆಯಲ್ಲಿ ಓದಿ ನಾನು ಎಷ್ಟು ಸಂತೋಷಪಟ್ಟೆನೋ ಹೇಳಲಾರೆ. ಆದರೆ 800 ಎಕರೆ ಅಂದರೆ 3 ಚದರ ಕಿಲೋಮೀಟರಿಗೆ ತುಸು ಹೆಚ್ಚು. ಅದು ತೋಳ ಹುಟ್ಟುವ ಜಾಗವಾಗಬಲ್ಲದು, ಬದುಕು ಪೂರ್ತಿ ಕಳೆಯುವ ಜಾಗವಾಗಲಾರದು. ಆ ಮರಿಗಳಲ್ಲಿ ಬದುಕಿ ಉಳಿದವು 2027ರ ಹೊತ್ತಿಗೆ ಎರಡು ವರ್ಷದವಾಗಿ ಒಂದೊಂದಾಗಿ ಹೊರಡುತ್ತವೆ. ತುಂಗಭದ್ರೆಯ ನೀರು ಹತ್ತಿದ ಕಡೆಗೆ ಹೋದರೆ ಭತ್ತದ ಗದ್ದೆ, ಕಾಲುವೆ. ಒಣಭೂಮಿಯ ಕಡೆಗೆ ಹೋದರೆ ಯಲಬುರ್ಗಾ, ಕುಷ್ಟಗಿಯ ಹೊಲಗಳು, ಗಾಳಿಯಂತ್ರದ ಸಾಲು, ಅಲ್ಲಲ್ಲಿ ಗೋಮಾಳ.

ಆ ಗೋಮಾಳಗಳು ಬಯಲಾಗಿಯೇ ಉಳಿಯಬೇಕು. ಗ್ರಾಮಸಭೆಯಲ್ಲಿ ಅದರ ಮಾತು ಬಂದಾಗ ಕೇಳುಗರಾದ ನೀವು ಎದ್ದು ನಿಂತು ಹೇಳಬಹುದು. ಊರ ನಾಯಿಗಳಿಗೆ ಲಸಿಕೆ ಹಾಕಿಸಬಹುದು. ಸತ್ತ ಕೋಳಿ, ಸತ್ತ ದನವನ್ನು ಊರ ಅಂಚಿಗೆ ಎಸೆಯುವ ಬದಲು ಹೂಳಿಸಬಹುದು, ಆಗ ತೋಳವೂ ನಾಯಿಯೂ ಒಂದೇ ಕಡೆ ಸೇರುವುದು ತಪ್ಪುತ್ತದೆ. ಒಂಟಿ ತೋಳ ಕಂಡರೆ ಕಲ್ಲು ಹೊಡೆಯಬೇಡಿ, ನಾಯಿ ಬಿಡಬೇಡಿ, ಬೈಕಿನಲ್ಲಿ ಅಟ್ಟಬೇಡಿ. ಅದು ಗಾಯಗೊಂಡಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಅದೇ ಸಂಖ್ಯೆ. ಗಾಯವಿಲ್ಲದಿದ್ದರೆ ಅದಕ್ಕೆ ದಾರಿ ಬಿಡಿ. ಅದು ಇನ್ನೂ ಜೋಡಿ ಹುಡುಕಬೇಕು.